ವೆರೋನಿಕಾ: ಶುಭಸಂದೇಶದಲ್ಲಿ ಇಲ್ಲದ ಒಂದು ಹೆಸರು

ತಪಸ್ಸುಕಾಲಕ್ಕೆ ಇನ್ನೆರಡು ವಾರ ಇರುವಾಗ ಒಂದು ಕುಟುಂಬದವರು ಮಗುವಿನ ಜ್ಞಾನಸ್ನಾನದ ದಿನ ಗೊತ್ತುಮಾಡಲು ನನ್ನ ಬಳಿಗೆ ಬಂದಿದ್ದರು. ಮಗುವಿಗೆ ಅಜ್ಜಿಯ ಹೆಸರನ್ನೇ ಇಡಬೇಕೆಂದು ತಂದೆತಾಯಿಯ ಆಸೆ. ಅಜ್ಜಿಯ ಹೆಸರು ವೆರೋನಿಕಾ. ಆದರೆ ಮಗುವಿನ ಚಿಕ್ಕಪ್ಪನಿಗೆ ಇದು ಒಪ್ಪಿಗೆ ಇರಲಿಲ್ಲ. "ಫಾದರ್, ಬೈಬಲ್ಲಿನಲ್ಲಿ ಎಲ್ಲಿ ಹುಡುಕಿದರೂ ಆ ಹೆಸರು ಸಿಗುವುದಿಲ್ಲ. ಅಂಥವರು ಒಬ್ಬರು ಇದ್ದರೋ ಇಲ್ಲವೋ ಯಾರಿಗೆ ಗೊತ್ತು? ಸುಮ್ಮನೆ ಮರಿಯ ಎಂದೋ ಅನ್ನ ಎಂದೋ ಇಡಬಾರದೇ?" ಎಂದು ಕೇಳಿದರು. ಅಜ್ಜಿ ಅಲ್ಲೇ ಕುರ್ಚಿಯ ಮೇಲೆ ಕುಳಿತಿದ್ದರು. ಎಪ್ಪತ್ತು ವರ್ಷಕ್ಕೂ ಮೇಲೆ ಹೊತ್ತು ಬಂದ ಹೆಸರು. ಅವರು ಏನೂ ಹೇಳದೆ ಸೀರೆಯ ಸೆರಗನ್ನು ಮಡಚುತ್ತಾ ನನ್ನ ಮುಖವನ್ನೇ ನೋಡುತ್ತಿದ್ದರು.

ಚಿಕ್ಕಪ್ಪ ಹೇಳಿದ್ದರಲ್ಲಿ ತಪ್ಪಿಲ್ಲ. ಶಿಲುಬೆಹಾದಿಯ ಆರನೆಯ ಸ್ಥಳದಲ್ಲಿ ನಾವೆಲ್ಲರೂ ಮೊಣಕಾಲೂರಿ ನೆನೆಯುವ ಆ ಸ್ತ್ರೀ ನಾಲ್ಕು ಶುಭಸಂದೇಶಗಳಲ್ಲಿ ಎಲ್ಲಿಯೂ ಇಲ್ಲ. ಪ್ರಭುವಿನ ಹಿಂದೆ ಎದೆ ಬಡಿದುಕೊಂಡು ಅಳುತ್ತಾ ಹೋದ ಸ್ತ್ರೀಯರನ್ನು ಸಂತ ಲೂಕರು ಹೇಳುತ್ತಾರೆ. ಮುಖ ಒರೆಸಿದವಳ ಮಾತು ಅಲ್ಲಿಲ್ಲ. ರೋಮಿನ ಅಧಿಕೃತ ಸಂತರ ಪಟ್ಟಿಯಲ್ಲಿಯೂ ಈಕೆಗೆ ಸ್ಥಾನವಿಲ್ಲ; ಜುಲೈ 12ರಂದು ಸ್ಮರಿಸುವುದು ಸಂಪ್ರದಾಯದಿಂದ ಬಂದದ್ದು. 1991ರ ಶುಭ ಶುಕ್ರವಾರ ಜಗದ್ಗುರು ಎರಡನೆಯ ಜಾನ್ ಪಾಲ್‌ರವರು ರೋಮಿನ ಕೊಲೋಸಿಯಂನಲ್ಲಿ ಬೈಬಲ್ ಆಧಾರಿತ ಶಿಲುಬೆಹಾದಿಯನ್ನು ನಡೆಸಿದಾಗ ಅದರಲ್ಲಿ ವೆರೋನಿಕಾ ಇರಲಿಲ್ಲ.

ಹಾಗಾದರೆ ಈ ಹೆಸರು ಬಂದದ್ದೆಲ್ಲಿಂದ? ಲತೀನಿನ 'ವೇರಾ' ಎಂದರೆ ನಿಜವಾದ, ಗ್ರೀಕಿನ 'ಐಕನ್' ಎಂದರೆ ಪ್ರತಿಮೆ. ಎರಡೂ ಸೇರಿ 'ನಿಜರೂಪ' ಎಂಬ ಅರ್ಥದ ವೆರೋನಿಕಾ ಆಯಿತು ಎಂದು ನಮ್ಮಲ್ಲಿ ಅನೇಕರು ಪ್ರಬೋಧನೆಗಳಲ್ಲಿ ಕೇಳಿರುತ್ತೀರಿ. ನಾನೂ ಹೇಳಿದ್ದೇನೆ! ಕೇಳಲು ಸೊಗಸಾಗಿದೆ, ಸುಮಾರು 1200ರ ಹೊತ್ತಿಗೇ ವೇಲ್ಸ್‌ನ ಜೆರಾಲ್ಡ್ ಎಂಬ ಗುರುಗಳು ಹೀಗೆ ಬರೆದಿದ್ದಾರೆ. ಆದರೆ ಹೆಸರು ಅದಕ್ಕಿಂತ ಬಹಳ ಹಳೆಯದು. ಅದರ ಮೂಲ ಗ್ರೀಕಿನ 'ಫೆರೆನಿಕೆ', ಎಂದರೆ ಜಯವನ್ನು ತರುವವಳು. ಮಹಾ ಅಲೆಕ್ಸಾಂಡರನ ನಾಡಾದ ಮಾಸೆದೋನಿಯದವರ ಬಾಯಲ್ಲಿ 'ಫ'ಕಾರ 'ಬ'ಕಾರವಾಗುತ್ತಿತ್ತು. ಹೀಗೆ ಫೆರೆನಿಕೆ 'ಬೆರೆನಿಕೆ' ಆದಳು. ಅಲೆಕ್ಸಾಂಡರನ ನಂತರ ಈಜಿಪ್ಟನ್ನು ಆಳಿದ ಮಾಸೆದೋನಿಯದ ರಾಜವಂಶದಲ್ಲಿ ರಾಣಿಯರಿಗೆ, ರಾಜಕುಮಾರಿಯರಿಗೆ ಇದು ಮೆಚ್ಚಿನ ಹೆಸರಾಯಿತು. ಕೆಂಪು ಸಮುದ್ರದ ದಡದಲ್ಲಿ ಒಂದು ಬಂದರಿಗೂ ರಾಜಮಾತೆಯ ಗೌರವಾರ್ಥ ಬೆರೆನಿಕೆ ಎಂದೇ ಹೆಸರಿಟ್ಟರು. ನಮ್ಮ ಪಶ್ಚಿಮ ಕರಾವಳಿಯಿಂದ ಹೊರಟ ಹಡಗುಗಳು ಹೋಗಿ ನಿಲ್ಲುತ್ತಿದ್ದ ಬಂದರು ಅದು. ಅಲ್ಲಿ ಉತ್ಖನನ ಮಾಡಿದವರಿಗೆ ಒಂದು ದೇವಾಲಯದಲ್ಲಿ ಭಾರತದ ಮಣ್ಣಿನ ಹರಿವೆಯೊಳಗೆ ಏಳೂವರೆ ಕಿಲೋದಷ್ಟು ಕರಿಮೆಣಸು ಸಿಕ್ಕಿತು. ವೆರೋನಿಕಾ ಎಂಬ ಹೆಸರು ನಮ್ಮ ಕಡೆಗೆ ಬರುವುದಕ್ಕಿಂತ ಎಷ್ಟೋ ಶತಮಾನ ಮುಂಚೆಯೇ ನಮ್ಮ ಕಡೆಯ ಮೆಣಸು ಆ ಹೆಸರಿನ ಊರಿಗೆ ಹೋಗಿತ್ತು ಎಂದರೆ ಆಶ್ಚರ್ಯವಲ್ಲವೇ?

ಬೈಬಲ್ಲಿನಲ್ಲಿ ಈ ಹೆಸರು ಇಲ್ಲವೇ ಇಲ್ಲ ಎನ್ನುವಂತೆಯೂ ಇಲ್ಲ. ಪ್ರೇಷಿತರ ಕಾರ್ಯಕಲಾಪಗಳ 25ನೇ ಅಧ್ಯಾಯ ತೆರೆದು ನೋಡಿ. ಸಂತ ಪೌಲರ ವಾದವನ್ನು ಕೇಳಲು ಅಗ್ರಿಪ್ಪ ರಾಜನೊಡನೆ ಬಹು ಆಡಂಬರದಿಂದ ಬಂದ ಅವನ ತಂಗಿಯೇ ಬೆರ್ನಿಸ್. ಅದು ಇದೇ ಹೆಸರು. ಮಗಳಿಗೆ ಹೆಸರಿಡಲು ಆಕೆಯನ್ನು ಮಾದರಿ ಮಾಡಿಕೊಳ್ಳಿ ಎಂದು ಮಾತ್ರ ನಾನು ಹೇಳಲಾರೆ.

ನನಗೆ ಹೆಚ್ಚು ಇಷ್ಟವಾಗುವ ವೆರೋನಿಕಾ ಬೇರೆಯವಳು. 'ಪಿಲಾತನ ನಡವಳಿಗಳು' ಎಂಬ ಒಂದು ಪ್ರಾಚೀನ ಗ್ರಂಥವಿದೆ. ಪವಿತ್ರ ಸಭೆ ಅದನ್ನು ಬೈಬಲ್ಲಿಗೆ ಸೇರಿಸಿಲ್ಲ. ಅದು ಕಥೆ ಎಂದೇ ಓದಬೇಕಾದದ್ದು. ಪಿಲಾತನ ಮುಂದೆ ಯೇಸುವಿನ ವಿಚಾರಣೆ ನಡೆಯುವಾಗ ಅವರಿಂದ ಉಪಕಾರ ಹೊಂದಿದವರು ಒಬ್ಬೊಬ್ಬರಾಗಿ ಬಂದು ಸಾಕ್ಷಿ ಹೇಳುತ್ತಾರೆ. ಆಗ ದೂರದಲ್ಲಿ ನಿಂತಿದ್ದ ಒಬ್ಬ ಸ್ತ್ರೀ, ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ತಾನು ಅವರ ಉಡುಪಿನ ಅಂಚನ್ನು ಮುಟ್ಟಿ ಗುಣವಾದೆ ಎಂದು ಕೂಗಿ ಹೇಳುತ್ತಾಳೆ. ಮಾರ್ಕನ ಶುಭಸಂದೇಶದ ಐದನೇ ಅಧ್ಯಾಯದಲ್ಲಿ ಹೆಸರಿಲ್ಲದೆ ಬರುವವಳು ಇವಳೇ. ಗ್ರೀಕ್ ಪ್ರತಿಯಲ್ಲಿ ಇವಳ ಹೆಸರು ಬೆರೆನಿಕೆ, ಲತೀನ್ ಪ್ರತಿಯಲ್ಲಿ ವೆರೋನಿಕಾ. ವಿರೋಧಿಗಳು ಕೊಡುವ ಉತ್ತರ ಏನು ಗೊತ್ತೇ? ಹೆಣ್ಣಿನ ಸಾಕ್ಷಿ ಕಾನೂನಿನ ಪ್ರಕಾರ ನಡೆಯುವುದಿಲ್ಲ ಎಂದು! ವೆರೋನಿಕಾ ಎಂಬ ಹೆಸರು ಕ್ರೈಸ್ತರ ಕಥೆಗಳೊಳಗೆ ಕಾಲಿಟ್ಟದ್ದು ಹೀಗೆ.

ಮುಂದೆ ಕಥೆ ಬೆಳೆಯಿತು. ಕಾಯಿಲೆ ಬಿದ್ದ ಚಕ್ರವರ್ತಿ ತಿಬೇರಿಯನನ್ನು ವೆರೋನಿಕಾಳ ಬಳಿಯಿದ್ದ ಯೇಸುವಿನ ಚಿತ್ರ ಗುಣಪಡಿಸಿತು ಎಂದರು. ರೋಮಿನ ಸಂತ ಪೇತ್ರರ ದೇವಾಲಯದಲ್ಲಿ ಪ್ರಭುವಿನ ಮುಖ ಮೂಡಿದ ವಸ್ತ್ರವೆಂದು ಒಂದನ್ನು ಭಕ್ತಿಯಿಂದ ಕಾಪಾಡಿದರು. 1208ರಲ್ಲಿ ಜಗದ್ಗುರು ಮೂರನೆಯ ಇನ್ನೊಸೆಂಟ್‌ರವರು ಅದನ್ನು ಮೆರವಣಿಗೆಯಲ್ಲಿ ಒಯ್ದರು, 1300ರ ಜುಬಿಲಿ ವರ್ಷದಲ್ಲಿ ಯಾತ್ರಿಕರು ಅದನ್ನು ನೋಡಲು ಮುಗಿಬಿದ್ದರು. ಶಿಲುಬೆ ಹೊತ್ತು ನಡೆಯುವ ಪ್ರಭುವಿನ ಮುಖ ಒರೆಸಿದ ಪ್ರಸಂಗ ಜನಮನದಲ್ಲಿ ನೆಲೆನಿಂತದ್ದು ಈ ಮಧ್ಯಯುಗದಲ್ಲಿಯೇ. 1731ರಲ್ಲಿ ಶಿಲುಬೆಹಾದಿಯ ಸ್ಥಳಗಳು ಹದಿನಾಲ್ಕು ಎಂದು ನಿಗದಿಯಾದಾಗ ಆರನೆಯದು ಆಕೆಗೆ ಉಳಿಯಿತು. ಇಂದಿಗೂ ತಪಸ್ಸುಕಾಲದ ಐದನೆಯ ಭಾನುವಾರ ಆ ವಸ್ತ್ರವನ್ನು ಮಹಾದೇವಾಲಯದ ಮೇಲುಪ್ಪರಿಗೆಯಿಂದ ಭಕ್ತರಿಗೆ ತೋರಿಸುತ್ತಾರೆ.

ಈ ಹೆಸರು ಹೊತ್ತ, ಚರಿತ್ರೆಯಲ್ಲಿ ಯಾವ ಸಂದೇಹವೂ ಇಲ್ಲದ ಸಂತರೂ ಇದ್ದಾರೆ. ಇಟಲಿಯ ಕಪುಚಿನ್ ಮಠವಾಸಿನಿ ವೆರೋನಿಕಾ ಜೂಲಿಯಾನಿ (1660–1727) ಹುಟ್ಟಿದಾಗ ಒರ್ಸೋಲಾ. ಮಠ ಸೇರಿದಾಗ ವೆರೋನಿಕಾ. 1839ರಲ್ಲಿ ಅವರಿಗೆ ಸಂತ ಪದವಿ ದೊರೆಯಿತು. ನಮ್ಮ ಕರಾವಳಿಗೆ ಇನ್ನೂ ಹತ್ತಿರದವರು ಪಾಡುಗಳ ಮದರ್ ವೆರೋನಿಕಾ. 1823ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಆಂಗ್ಲಿಕನ್ ಪಾದ್ರಿಯೊಬ್ಬರ ಮಗಳಾಗಿ ಹುಟ್ಟಿದ ಸೋಫಿ ಲೀವ್ಸ್ ಕಥೋಲಿಕರಾಗಿ, ಸಂನ್ಯಾಸಿನಿಯಾಗಿ ಈ ಹೆಸರು ಪಡೆದರು. ಕಲ್ಲಿಕೋಟೆಯಲ್ಲಿಯೂ ಸೇವೆ ಮಾಡಿದರು. 1868ರಲ್ಲಿ ಫ್ರಾನ್ಸಿನ ಬಯೋನ್‌ನಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಸಭೆಯನ್ನು ಸ್ಥಾಪಿಸಿದರು. ಅದರ ಮೊದಲ ಭಗಿನಿಯರು 1870ರಲ್ಲಿ ಮಂಗಳೂರಿಗೆ ಬಂದಿಳಿದರು. ನಮ್ಮ ತಾಯಂದಿರು, ಅಜ್ಜಿಯಂದಿರು ಅಕ್ಷರ ಕಲಿತ ಎಷ್ಟೋ ಶಾಲೆಗಳು, 1921ರಲ್ಲಿ ಆರಂಭವಾದ ಸಂತ ಆಗ್ನೆಸ್ ಕಾಲೇಜು, ಎಲ್ಲವೂ ಆ ಸಭೆಯವರದೇ. 2014ರಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಮದರ್ ವೆರೋನಿಕಾರನ್ನು ಪೂಜ್ಯರೆಂದು ಘೋಷಿಸಿದರು.

ಫ್ರಾನ್ಸಿನಲ್ಲಿ 1950–60ರ ದಶಕಗಳಲ್ಲಿ 'ವೆರೊನಿಕ್' ಮನೆಮನೆಯ ಹೆಸರಾಗಿತ್ತು. ನಮ್ಮ ಧರ್ಮಕೇಂದ್ರದ ಹಳೆಯ ಜ್ಞಾನಸ್ನಾನದ ಪುಸ್ತಕಗಳಲ್ಲಿಯೂ ಪುಟ ತಿರುವಿದಂತೆಲ್ಲ ವೆರೋನಿಕಾ ಸಿಗುತ್ತಾಳೆ. ಈಚಿನ ಪುಸ್ತಕಗಳಲ್ಲಿ ಅಪರೂಪ. ಈಗ ಎರಡಕ್ಷರದ, ಅರ್ಥ ಕೇಳಿದರೆ ತಂದೆತಾಯಿಗೂ ತಿಳಿಯದ ಹೆಸರುಗಳ ಕಾಲ.

ಧರ್ಮಸಭೆಯ 1983ರ ಕಾನೂನು ಸಂಹಿತೆಯ 855ನೇ ವಿಧಿ, ಕ್ರೈಸ್ತ ಭಾವನೆಗೆ ಹೊರತಾದ ಹೆಸರನ್ನು ಇಡದಂತೆ ತಂದೆತಾಯಿ, ಜ್ಞಾನತಂದೆತಾಯಿ ಮತ್ತು ಗುರುಗಳು ನೋಡಿಕೊಳ್ಳಬೇಕು ಎನ್ನುತ್ತದೆ. ಬೈಬಲ್ಲಿನಲ್ಲಿ ಇರಲೇಬೇಕು ಎಂದು ಅಲ್ಲಿಲ್ಲ. ಇದನ್ನು ಚಿಕ್ಕಪ್ಪನಿಗೆ ತೋರಿಸಿದೆ. ಅವರು ನಕ್ಕು, "ಆಯಿತು ಫಾದರ್, ಅಮ್ಮನ ಹೆಸರೇ ಇರಲಿ" ಎಂದರು.

ಆಗ ಅಜ್ಜಿ ಮೊದಲ ಬಾರಿ ಬಾಯಿ ತೆರೆದರು. "ಬರೆಯುವಾಗ ಸರಿಯಾಗಿ ಬರೆಯಿರಿ ಫಾದರ್. ನನ್ನದನ್ನು ರೇಷನ್ ಕಾರ್ಡಿನಲ್ಲಿ ಕೆಡಿಸಿಟ್ಟಿದ್ದಾರೆ" ಎಂದು ಚೀಲದಿಂದ ಹಳೆಯ ಕಾರ್ಡನ್ನು ತೆಗೆದು ತೋರಿಸಿದರು. ಯಾರೋ ಗುಮಾಸ್ತರು ಅದರಲ್ಲಿ 'ಬೆರೆನಿಕ' ಎಂದು ಬರೆದಿದ್ದರು.