ಕಂಟೋನ್ಮೆಂಟ್‌ನಿಂದ ಕೆ.ಆರ್. ಪುರದವರೆಗೆ: ಹೊರಗೆ ತಿಂಡಿ-ಕಾಫಿಗೆ ಜೈನ ಕುಟುಂಬಗಳಿಗೊಂದು ಮಾಹಿತಿ

ರಾಜ್ಯದ ಬೇರೆ ಬೇರೆ ಜಿಲ್ಲೆಗಳ ಶ್ರಾವಕ ಕುಟುಂಬಗಳು ಬೆಂಗಳೂರಿನ ಪೂರ್ವ ಭಾಗಕ್ಕೆ ಬರುವ ಕಾರಣಗಳು ಹಲವು. ವಸಂತನಗರದ ಮಿಲ್ಲರ್ಸ್ ರಸ್ತೆಯಲ್ಲಿರುವ ಭಗವಾನ್ ಮಹಾವೀರ್ ಜೈನ್ ಆಸ್ಪತ್ರೆ, ಶಿವಾಜಿನಗರದ ಬೌರಿಂಗ್ ಆಸ್ಪತ್ರೆ, ಕಮರ್ಷಿಯಲ್ ಸ್ಟ್ರೀಟ್‌ನ ಮದುವೆ ಜವಳಿ, ಇಂದಿರಾನಗರ ಅಥವಾ ಕೆ.ಆರ್. ಪುರದಲ್ಲಿ ನೆಲೆಸಿರುವ ಮಕ್ಕಳ ಮನೆ. ಜೊತೆಗೆ ಬಂದ ಹಿರಿಯರು ಎಷ್ಟೋ ಸಲ ದಿನವಿಡೀ ಒಂದು ಎಳನೀರು, ಎರಡು ಬಾಳೆಹಣ್ಣಿನಲ್ಲೇ ಕಳೆದುಬಿಡುತ್ತಾರೆ. ಸುತ್ತ ಹತ್ತಾರು ಸಸ್ಯಾಹಾರಿ ಹೋಟೆಲುಗಳಿರುತ್ತವೆ. ಆದರೆ ಅಲ್ಲಿ ಏನು ಕೇಳಬೇಕು, ಯಾವ ಹೊತ್ತಿಗೆ ಹೋಗಬೇಕು ಎಂಬುದು ತಿಳಿಯದೆ ಹಿಂದೆ ಸರಿಯುತ್ತಾರೆ. ಸಕ್ಕರೆ ಕಾಯಿಲೆ ಇರುವವರಿಗೆ, ಏಕಾಶನದಲ್ಲಿರುವವರಿಗೆ ಇದು ಸಣ್ಣ ವಿಷಯವಲ್ಲ.

ಫಲಕಗಳ ಅರ್ಥ

‘ಶುದ್ಧ ಸಸ್ಯಾಹಾರಿ’ ಎಂಬ ಫಲಕ ಮಾಂಸ, ಮೊಟ್ಟೆ ಇಲ್ಲ ಎಂದಷ್ಟೇ ಹೇಳುತ್ತದೆ. ಪೊಟ್ಟಣದ ಮೇಲಿನ ಹಸಿರು ಚುಕ್ಕೆಯೂ ಅಷ್ಟೇ. ಜೇನುತುಪ್ಪಕ್ಕೂ ಆಲೂಗಡ್ಡೆ ಚಿಪ್ಸಿಗೂ ಅದೇ ಹಸಿರು ಚುಕ್ಕೆ ಬೀಳುತ್ತದೆ. ‘ಈರುಳ್ಳಿ-ಬೆಳ್ಳುಳ್ಳಿ ಬಳಸುವುದಿಲ್ಲ’ ಎಂದು ಬರೆದಿದ್ದರೆ ಅರ್ಧ ಚಿಂತೆ ತಪ್ಪಿತು. ಆದರೂ ಅಂಥಲ್ಲಿ ಆಲೂಗಡ್ಡೆ, ಕ್ಯಾರೆಟ್, ಮೂಲಂಗಿ, ಹಸಿ ಶುಂಠಿ ಧಾರಾಳವಾಗಿ ಇರಬಹುದು. ವೈಷ್ಣವ ಪದ್ಧತಿಯ ಅಡುಗೆಗೂ ಜೈನ ಅಡುಗೆಗೂ ಇರುವ ವ್ಯತ್ಯಾಸ ಇದೇ. ಉತ್ತರ ಭಾರತದ ಅಡುಗೆಯವರಿಗೆ ‘ಜೈನ್’ ಅಥವಾ ‘ಜಮೀಕಂದ್ ಬೇಡ’ ಎಂದರೆ ಸಾಮಾನ್ಯವಾಗಿ ಅರ್ಥವಾಗುತ್ತದೆ. ದರ್ಶಿನಿಯ ಭಟ್ಟರಿಗೆ ಆ ಮಾತು ತಲುಪದಿರಬಹುದು. ಅಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಕ್ಯಾರೆಟ್, ಶುಂಠಿ ಎಂದು ಒಂದೊಂದೇ ಹೆಸರಿಸಿ ಕೇಳುವುದು ಒಳ್ಳೆಯದು. ಟೋಕನ್ ತೆಗೆದುಕೊಳ್ಳುವ ಮೊದಲೇ, ಕ್ಯಾಷಿಯರ್ ಬಳಿಯಲ್ಲದೆ ತಿಂಡಿ ಕೊಡುವ ಕೌಂಟರ್‌ನಲ್ಲಿ ಕೇಳಬೇಕು. ಒಳಗೆ ಏನು ಬಿದ್ದಿದೆ ಎಂಬುದು ಗೊತ್ತಿರುವುದು ಅಲ್ಲಿರುವವರಿಗೆ.

ದರ್ಶಿನಿಯಲ್ಲಿ ಯಾವುದು, ಯಾವುದು ಬೇಡ

1983ರಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ಶುರುವಾದ ನಿಂತು ತಿನ್ನುವ ಹೋಟೆಲುಗಳ ಪದ್ಧತಿ ಇಂದು ಹಲಸೂರು, ಇಂದಿರಾನಗರ, ತಿಪ್ಪಸಂದ್ರ, ಕೆ.ಆರ್. ಪುರದ ಉದ್ದಕ್ಕೂ ಇದೆ. ಎಲ್ಲ ಕಡೆ ಪಟ್ಟಿ ಹೆಚ್ಚುಕಡಿಮೆ ಒಂದೇ. ಹಾಗಾಗಿ ಒಂದು ಕಡೆ ಕಲಿತದ್ದು ಇನ್ನೊಂದು ಕಡೆಯೂ ಕೆಲಸಕ್ಕೆ ಬರುತ್ತದೆ.

ಇಡ್ಲಿ ಹಬೆಯಲ್ಲಿ ಬೇರೆಯಾಗಿಯೇ ಬೇಯುತ್ತದೆ, ಅದರಲ್ಲಿ ಕಂದಮೂಲ ಇಲ್ಲ. ಹಿಟ್ಟು ರಾತ್ರಿಯಿಡೀ ಹುದುಗಿರುತ್ತದೆ ಎಂಬ ಕಾರಣಕ್ಕೆ ಮರ್ಯಾದೆ ಪಾಲಿಸುವವರು ಅದನ್ನೂ ಬಿಡುತ್ತಾರೆ, ಅದು ಆಯಾ ಮನೆಯ ನಿಯಮಕ್ಕೆ ಬಿಟ್ಟದ್ದು. ಸಾಂಬಾರಿನಲ್ಲಿ ಈರುಳ್ಳಿಯೋ ಮೂಲಂಗಿಯೋ ಇರುವುದು ಬಹುತೇಕ ಖಚಿತ, ಆದ್ದರಿಂದ ‘ಸಾಂಬಾರ್ ಬೇಡ, ಬರೀ ಕಾಯಿ ಚಟ್ನಿ’ ಎಂದು ಹೇಳಬೇಕು. ಕೆಂಪು ಚಟ್ನಿಯಲ್ಲಿ ಸಾಮಾನ್ಯವಾಗಿ ಬೆಳ್ಳುಳ್ಳಿ ಇರುತ್ತದೆ. ಕಾಯಿ ಚಟ್ನಿಯಲ್ಲಿ ಹಸಿ ಶುಂಠಿ ಇದೆಯೇ ಎಂದು ಕೇಳಿಕೊಳ್ಳಬೇಕು.

ಮಸಾಲೆ ದೋಸೆಯ ಬದಲು ಪಲ್ಯವಿಲ್ಲದ ಖಾಲಿ ದೋಸೆ ಕೇಳಬಹುದು. ಆದರೆ ಕಾವಲಿಯ ಮಾತು ಬೇರೆ. ಕೆಲವು ಕಡೆ ಕಾವಲಿಯನ್ನು ನೀರು ಚಿಮುಕಿಸಿ ಪೊರಕೆಯಿಂದ ಉಜ್ಜುತ್ತಾರೆ, ಕೆಲವು ಕಡೆ ಅರ್ಧ ಈರುಳ್ಳಿಯಿಂದ ಒರೆಸುತ್ತಾರೆ. ದರ್ಶಿನಿಯಲ್ಲಿ ಕಾವಲಿ ಕಣ್ಣೆದುರಿಗೇ ಇರುವುದರಿಂದ ಒಂದು ನಿಮಿಷ ನಿಂತು ನೋಡಿದರೆ ಗೊತ್ತಾಗುತ್ತದೆ. ಈರುಳ್ಳಿ ದೋಸೆಯ ಸರದಿ ಶುರುವಾಗುವ ಮೊದಲು, ಬೆಳಿಗ್ಗೆ ಬೇಗ ಹೋಗುವುದು ವಾಸಿ. ನವಕಾರಸಿ ಪಾಲಿಸುವವರಿಗೆ ಸೂರ್ಯೋದಯದ 48 ನಿಮಿಷಗಳ ನಂತರದ ಹೊತ್ತೇ ಅನುಕೂಲದ ಹೊತ್ತೂ ಆಗುತ್ತದೆ. ಎಂಟೂವರೆಯ ನೂಕುನುಗ್ಗಲಿನಲ್ಲಿ ಯಾರೂ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ.

ಖಾರಾಬಾತ್‌ನಲ್ಲಿ ಈರುಳ್ಳಿ, ಪೂರಿಯ ಸಾಗುವಿನಲ್ಲಿ ಆಲೂಗಡ್ಡೆ. ಕೇಸರಿಬಾತ್‌ಗೆ ಈ ತೊಂದರೆ ಇಲ್ಲ. ರವೆ ಇಡ್ಲಿ ಹುದುಗಿಸಿದ ತಿಂಡಿಯಲ್ಲ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾಗ ಎಂ.ಟಿ.ಆರ್. ರೂಪಿಸಿದ್ದು. ಆದರೆ ಅದರ ನೆತ್ತಿಯ ಮೇಲೆ ಕ್ಯಾರೆಟ್ ಕೂತಿರುತ್ತದೆ. ಮೇಲಿನದನ್ನು ತೆಗೆದರೆ ಸಾಲದು, ಹಿಟ್ಟಿನಲ್ಲೂ ತುರಿದು ಹಾಕಿರಬಹುದು. ಪುಳಿಯೋಗರೆ, ಚಿತ್ರಾನ್ನಗಳಲ್ಲಿ ಮೊದಲನೆಯದರ ಮೇಲೆ ಹೆಚ್ಚು ಭರವಸೆ ಇಡಬಹುದು. ಚಿತ್ರಾನ್ನಕ್ಕೆ ಈರುಳ್ಳಿ ಹಾಕುವ ರೂಢಿ ಹೋಟೆಲುಗಳಲ್ಲಿ ಬಹಳ. ವಾಂಗೀಬಾತ್ ಬಹುಬೀಜದ ಬದನೆಯ ಕಾರಣಕ್ಕೆ ಹಲವರಿಗೆ ವರ್ಜ್ಯ. ದ್ವಿದಳ ದೋಷ ನೋಡುವವರು ಮೊಸರು ವಡೆಯನ್ನು ಬಿಡುತ್ತಾರೆ, ಆದರೆ ಒಗ್ಗರಣೆಯ ಉದ್ದಿನಬೇಳೆ ಬಿದ್ದ ಮೊಸರನ್ನದ ಕಡೆಗೂ ಅವರು ಗಮನ ಕೊಡಬೇಕು.

ಕಾಫಿಯಲ್ಲೊಂದು ಬೇರು

ಹೆಚ್ಚಿನವರು ಯೋಚಿಸದ ವಿಷಯ ಚಿಕೋರಿ. ಫಿಲ್ಟರ್ ಕಾಫಿಗೆ ಗಟ್ಟಿತನ ಕೊಡುವ ಚಿಕೋರಿ ಒಂದು ಗಿಡದ ಬೇರು. ಅದನ್ನು ಹುರಿದು ಪುಡಿ ಮಾಡಿ ಬೆರೆಸುತ್ತಾರೆ. ಆಹಾರ ನಿಯಮದ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಶೇಕಡಾ ಇರಬೇಕು, ಎಂದರೆ ಉಳಿದ 49ರವರೆಗೂ ಬೇರು ಇರಬಹುದು. ಒಣಗಿದ ಶುಂಠಿ, ಅರಿಸಿನದಂತೆ ಇದೂ ಒಣಗಿದ್ದೇ ಎಂದು ಒಪ್ಪುವ ಮನೆಗಳಿವೆ, ಒಪ್ಪದ ಮನೆಗಳೂ ಇವೆ. ಒಪ್ಪದವರಿಗೆ ಇಂದಿರಾನಗರದ 100 ಅಡಿ ರಸ್ತೆ, 12ನೇ ಮುಖ್ಯರಸ್ತೆಯ ಹೊಸ ಕಾಫಿ ಅಂಗಡಿಗಳೇ ಮೇಲು ಎನ್ನುವುದು ಸ್ವಲ್ಪ ವಿಚಿತ್ರ. ಅಲ್ಲಿ ಯಂತ್ರದಲ್ಲಿ ಇಳಿಸುವ ಕಾಫಿಗೆ ಸಾಮಾನ್ಯವಾಗಿ ಚಿಕೋರಿ ಬೆರೆಸುವುದಿಲ್ಲ. ಆದರೆ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿರುವ ಕೇಕ್‌ನಲ್ಲಿ ಮೊಟ್ಟೆ ಇರುತ್ತದೆ, ಆದ್ದರಿಂದ ಕಾಫಿಗಷ್ಟೇ ಆ ಅಂಗಡಿ. 2009ರಲ್ಲಿ ಎಂ.ಜಿ. ರಸ್ತೆಯಿಂದ ಚರ್ಚ್ ಸ್ಟ್ರೀಟ್‌ಗೆ ಬಂದ ಇಂಡಿಯನ್ ಕಾಫಿ ಹೌಸ್‌ನಲ್ಲಿಯೂ ಮೊಟ್ಟೆಯ ತಿಂಡಿಗಳಿವೆ ಎಂಬುದನ್ನು ನೆನಪಿಡಬೇಕು.

ಚಹಾ ಕೇಳುವಾಗ ‘ಶುಂಠಿ ಹಾಕಬೇಡಿ’ ಎಂದರೆ ಸಾಲದು, ಕುದಿಯುತ್ತಿರುವ ಪಾತ್ರೆಯಲ್ಲಿ ಆಗಲೇ ಬಿದ್ದಿರುತ್ತದೆ. ಬಾದಾಮಿ ಹಾಲು ಒಳ್ಳೆಯ ಬದಲಿ. ಕಬ್ಬಿನ ಹಾಲಿಗೆ ಶುಂಠಿ, ನಿಂಬೆ ಕಬ್ಬಿನ ಜೊತೆಯಲ್ಲೇ ಗಾಣಕ್ಕೆ ಹೋಗುತ್ತವೆ. ಹಣ್ಣಿನ ರಸದ ಅಂಗಡಿಯಲ್ಲಿ ಕ್ಯಾರೆಟ್, ಬೀಟ್‌ರೂಟ್ ಅರೆದ ಜಾರಿನಲ್ಲೇ ಮೋಸಂಬಿ ರಸವೂ ಬರುತ್ತದೆ, ತೊಳೆಯಲು ಹೇಳಬೇಕು.

ಎಲ್ಲೆಲ್ಲಿ ಏನು

ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಸುತ್ತಮುತ್ತ, ಫ್ರೇಜರ್ ಟೌನ್‌ನ ಮಸೀದಿ ರಸ್ತೆಯಲ್ಲಿ ಮಾಂಸದ ಅಂಗಡಿಗಳು, ಕಬಾಬ್ ಒಲೆಗಳು ಹೆಚ್ಚು. ಹಿರಿಯರೊಂದಿಗೆ ಬಂದವರು ಅಲ್ಲಿ ಹೋಟೆಲು ಹುಡುಕದೆ ನೇರವಾಗಿ ಕಮರ್ಷಿಯಲ್ ಸ್ಟ್ರೀಟ್ ಕಡೆ ನಡೆಯುವುದು ಒಳಿತು. ಆನಂದ್ ಸ್ವೀಟ್ಸ್, ಭಗತ್‌ರಾಮ್ ಸ್ವೀಟ್ಸ್‌ನಂಥ ಹೆಸರಾದ ಸಿಹಿ ಅಂಗಡಿಗಳು ಅಲ್ಲಿವೆ. ಸಮೋಸದಲ್ಲಿ ಆಲೂಗಡ್ಡೆ ಇದ್ದೇ ಇರುತ್ತದೆ, ಕಚೋರಿಯ ಹೂರಣ ಕೇಳಿ ತಿಳಿಯಬೇಕು. ಬೆಳ್ಳಿ ರೇಕು ಹಚ್ಚದ ಸಿಹಿಯನ್ನೇ ಕೊಳ್ಳಬೇಕು, ಹಳೆಯ ಪದ್ಧತಿಯಲ್ಲಿ ಆ ರೇಕನ್ನು ಚರ್ಮದ ಹಾಳೆಗಳ ನಡುವೆ ಇಟ್ಟು ಬಡಿಯುತ್ತಿದ್ದರು. ಚಾಟ್ ಅಂಗಡಿಗಳಲ್ಲಿ ಆಲೂಗಡ್ಡೆ ಬದಲು ಬಾಳೆಕಾಯಿ ಹಾಕುವ ಜೈನ್ ಪಾವ್‌ಭಾಜಿ, ಜೈನ್ ಪಾನಿಪೂರಿ ಕೇಳಿ ನೋಡಬಹುದು.

ಹಲಸೂರಿನಲ್ಲಿ ಸೋಮೇಶ್ವರ ದೇವಾಲಯದ ಸುತ್ತಲ ಪೇಟೆ, ಇಂದಿರಾನಗರದಲ್ಲಿ ಸಿ.ಎಂ.ಎಚ್. ರಸ್ತೆ, ಇವೆರಡೂ ನೇರಳೆ ಮಾರ್ಗದ ಮೆಟ್ರೊ ನಿಲ್ದಾಣಗಳಿಂದ ನಡೆಯುವ ದೂರ. ಅಯ್ಯಂಗಾರ್ ಬೇಕರಿಗಳಲ್ಲಿ ಮೊಟ್ಟೆಯ ಭಯ ಕಡಿಮೆ. ಆದರೆ ಪಫ್, ಖಾರಾ ಬನ್‌ಗಳಲ್ಲಿ ಈರುಳ್ಳಿ ಇದೆ. ಮಕ್ಕಳು ಮೊದಲು ಕೈ ತೋರಿಸುವ ಹನಿ ಕೇಕ್ ಹೆಸರೇ ಹೇಳುವಂತೆ ಜೇನಿನದು. ಮದ್ಯ, ಮಾಂಸ, ಮಧು ಮೂರರ ತ್ಯಾಗವೂ ಮೂಲಗುಣದಲ್ಲೇ ಬರುವುದರಿಂದ ಬೆಣ್ಣೆ ಬಿಸ್ಕತ್ತು, ರಸ್ಕ್ ಕೊಡಿಸಬಹುದು. ಬೆಣ್ಣೆಯನ್ನೂ ಬಿಟ್ಟವರಿಗೆ ರಸ್ಕ್ ಮಾತ್ರ, ಅದೂ ಕೇಳಿಕೊಂಡು.

ಕೆ.ಆರ್. ಪುರ, ಟಿನ್ ಫ್ಯಾಕ್ಟರಿ, ಹಳೆ ಮದ್ರಾಸ್ ರಸ್ತೆಯಲ್ಲಿ ಆಂಧ್ರ ಊಟದ ಹೋಟೆಲುಗಳು ಸಾಲಾಗಿ ಸಿಗುತ್ತವೆ. ಅಲ್ಲಿಯ ಪಪ್ಪು, ಪುಡಿ, ಉಪ್ಪಿನಕಾಯಿ ಮೂರರಲ್ಲೂ ಬೆಳ್ಳುಳ್ಳಿ ಸಾಮಾನ್ಯ. ಅನ್ನ, ತುಪ್ಪ, ಮೊಸರಿಗೆ ತೃಪ್ತಿಪಡಬೇಕಾಗುತ್ತದೆ. 2023ರ ಅಕ್ಟೋಬರ್‌ನಿಂದ ಕೆ.ಆರ್. ಪುರಕ್ಕೆ ಬೈಯಪ್ಪನಹಳ್ಳಿ ಕಡೆಯಿಂದ ಮೆಟ್ರೊ ನೇರವಾಗಿ ಓಡುತ್ತಿರುವುದರಿಂದ ಇಂದಿರಾನಗರದಲ್ಲೇ ತಿಂಡಿ ಮುಗಿಸಿ ಹೊರಡುವುದು ಸುಲಭ. ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ರಾತ್ರಿ ರೈಲು ಹಿಡಿಯುವವರಿಗೂ ಇದೇ ಸರಿ.

ಸಂಜೆಯ ಲೆಕ್ಕ

ನಿಜವಾದ ಕಷ್ಟ ಸಂಜೆಯದು. ಬೆಂಗಳೂರಿನಲ್ಲಿ ನವೆಂಬರ್ ಕೊನೆಗೆ ಸೂರ್ಯಾಸ್ತ ಸುಮಾರು 5.50ಕ್ಕೆ, ಜುಲೈ ಮೊದಲಲ್ಲಿ ಸುಮಾರು 6.50ಕ್ಕೆ. ಎರಡು ಘಳಿಗೆ ಮೊದಲೇ ಮುಗಿಸುವವರು ನವೆಂಬರ್‌ನಲ್ಲಿ ಐದು ಗಂಟೆಗೆ ಕೈ ತೊಳೆದಿರಬೇಕು. ಬಹಳಷ್ಟು ಹೋಟೆಲುಗಳಲ್ಲಿ ಮಧ್ಯಾಹ್ನದ ಊಟ ಮೂರರ ಹೊತ್ತಿಗೆ ಮುಗಿದು, ರಾತ್ರಿಯ ಊಟ ಶುರುವಾಗುವುದು ಏಳಕ್ಕೆ. ನಡುವೆ ಸಿಗುವುದು ನಾಲ್ಕರ ನಂತರದ ಸಂಜೆ ತಿಂಡಿ ಮಾತ್ರ. ಅದರಲ್ಲೂ ಬೋಂಡ, ಬಜ್ಜಿ, ಮಸಾಲೆ ವಡೆಗಳದೇ ಕಾರುಬಾರು. ಆಸ್ಪತ್ರೆಯಲ್ಲಿ ವೈದ್ಯರ ಭೇಟಿ ನಾಲ್ಕಕ್ಕೆ ಎಂದಿದ್ದರೆ ಮೊದಲೇ ಇಡ್ಲಿ ಅಥವಾ ಪುಳಿಯೋಗರೆ ಕಟ್ಟಿಸಿಕೊಂಡು, ಕುದಿಸಿ ಆರಿಸಿದ ನೀರನ್ನು ಮನೆಯಿಂದಲೇ ತಂದು, ಕಾಯುವ ಬೆಂಚಿನ ಮೇಲೆಯೇ ಹಿರಿಯರಿಗೆ ಕೊಡುವುದು ಸರಿಯಾದ ದಾರಿ. ಚಟ್ನಿಯನ್ನು ಬೇರೆ ಕಟ್ಟಿಸಬೇಕು, ಸಾಂಬಾರ್ ಪೊಟ್ಟಣ ಹಾಕದಂತೆ ಎರಡು ಸಲ ಹೇಳಬೇಕು.