ಮಿತಾಕ್ಷರಾದಲ್ಲಿ ಪ್ರಮಾಣ ವಿಚಾರ: ಸಾಕ್ಷ್ಯನಿಯಮಗಳ ಚಾರಿತ್ರಿಕ ನೆಲೆ

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (ಕ್ರಿ.ಶ. 1076–1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ರಚಿಸಿದ ‘ಮಿತಾಕ್ಷರಾ’ ವ್ಯಾಖ್ಯಾನವು ಅವಿಭಕ್ತ ಕುಟುಂಬದ ಆಸ್ತಿಹಕ್ಕಿನ ಆಕರವಾಗಿಯೇ ಹೆಚ್ಚು ಪ್ರಸಿದ್ಧವಾಗಿದೆ. 1810ರಲ್ಲಿ ಎಚ್.ಟಿ. ಕೋಲ್‌ಬ್ರೂಕ್ ಇಂಗ್ಲಿಷಿಗೆ ತಂದದ್ದು ಅದರ ದಾಯವಿಭಾಗವನ್ನು ಮಾತ್ರ. ವ್ಯವಹಾರಾಧ್ಯಾಯದಲ್ಲಿ ವಿಸ್ತಾರವಾಗಿ ಬಂದಿರುವ ಪ್ರಮಾಣ ವಿಚಾರ ಹಿನ್ನೆಲೆಗೆ ಸರಿಯಲು ಇದೂ ಒಂದು ಕಾರಣ.

ವಿಜ್ಞಾನೇಶ್ವರನ ಪ್ರಕಾರ ವ್ಯವಹಾರಕ್ಕೆ ನಾಲ್ಕು ಪಾದಗಳು: ವಾದಿಯ ಭಾಷೆ, ಪ್ರತಿವಾದಿಯ ಉತ್ತರ, ಕ್ರಿಯೆ (ಅಂದರೆ ರುಜುವಾತು) ಮತ್ತು ಸಾಧ್ಯಸಿದ್ಧಿ. ರುಜುವಾತಿನ ಹೊಣೆ ಯಾರದೆಂಬುದು ಉತ್ತರದ ಸ್ವರೂಪವನ್ನು ಅವಲಂಬಿಸಿದೆ. ಪ್ರತಿವಾದಿಯು ಆರೋಪವನ್ನು ಅಲ್ಲಗಳೆದರೆ ವಾದಿಯೇ ಸಾಧಿಸಬೇಕು. ‘ಸಾಲ ಪಡೆದದ್ದು ನಿಜ, ಆದರೆ ತೀರಿಸಿದ್ದೇನೆ’ ಎಂದರೆ ಅಥವಾ ಈ ವ್ಯಾಜ್ಯವು ಹಿಂದೆಯೇ ತೀರ್ಮಾನವಾಗಿದೆ ಎಂದರೆ ಹೊಣೆ ಪ್ರತಿವಾದಿಯದಾಗುತ್ತದೆ. ಒಪ್ಪಿಕೊಂಡಲ್ಲಿ ರುಜುವಾತಿನ ಅಗತ್ಯವೇ ಇಲ್ಲ.

ಪ್ರಮಾಣಗಳು ಮೂರು: ಲಿಖಿತ, ಭುಕ್ತಿ, ಸಾಕ್ಷಿ. ಸ್ವಹಸ್ತದಿಂದ ಬರೆದ ಪತ್ರವು ಸಾಕ್ಷಿಗಳಿಲ್ಲದಿದ್ದರೂ ಮಾನ್ಯ. ಬಲಾತ್ಕಾರ ಅಥವಾ ವಂಚನೆಯಿಂದ ಬರೆಯಿಸಿಕೊಂಡದ್ದು ಅಮಾನ್ಯ. ಪತ್ರದ ಬಗ್ಗೆ ಸಂದೇಹ ಬಂದರೆ ಅದೇ ವ್ಯಕ್ತಿಯ ಬೇರೆ ಬರಹದೊಡನೆ ಹೋಲಿಸಿ ನೋಡಬೇಕು. ಭುಕ್ತಿಗಿಂತ ಆಗಮ, ಎಂದರೆ ಒಡೆತನದ ಮೂಲ, ಬಲವಾದುದು. ವಂಶಪರಂಪರೆಯಿಂದ ಬಂದ ಅನುಭೋಗ ಮಾತ್ರ ಇದಕ್ಕೆ ಅಪವಾದ. ಸಾಕ್ಷಿಗಳು ಕನಿಷ್ಠ ಮೂವರಿರಬೇಕು. ಉಭಯಪಕ್ಷಗಳೂ ಸಮ್ಮತಿಸಿದರೆ ಧರ್ಮಜ್ಞನಾದ ಒಬ್ಬನೂ ಸಾಕು. ಆದರೆ ಸ್ತ್ರೀಯರು, ಬಾಲಕರು, ವೃದ್ಧರು, ಜೂಜುಗಾರರು ಮೊದಲಾದವರನ್ನು ಸಾಮಾನ್ಯವಾಗಿ ಸಾಕ್ಷ್ಯದಿಂದ ಹೊರಗಿಡಲಾಗಿತ್ತು. ಕಳವು, ಹಲ್ಲೆ, ಸಾಹಸದಂಥ ಪ್ರಕರಣಗಳಲ್ಲಿ ಮಾತ್ರ ಈ ನಿರ್ಬಂಧ ಸಡಿಲಗೊಳ್ಳುತ್ತಿತ್ತು. ಸತ್ಯವನ್ನು ಕಂಡವರಿಗಿಂತ ಸತ್ಯವನ್ನು ನುಡಿಯಲು ಅರ್ಹರೆನಿಸಿದವರಿಗೆ ಮನ್ನಣೆ ನೀಡಿದ್ದು ಈ ವ್ಯವಸ್ಥೆಯ ಮುಖ್ಯ ಮಿತಿ.

ಈ ಮಾನುಷ ಪ್ರಮಾಣಗಳು ದೊರೆಯದಿದ್ದಾಗ ಉಳಿಯುತ್ತಿದ್ದುದು ದಿವ್ಯ. ತುಲಾ, ಅಗ್ನಿ, ಜಲ, ವಿಷ, ಕೋಶಗಳೆಂಬ ಐದು ದಿವ್ಯಗಳನ್ನು ಗುರುತರ ಆರೋಪಗಳಿಗೆ ವಿಧಿಸಲಾಗಿದೆ. ಇಲ್ಲಿ ಆರೋಪಿಯ ದೇಹವೇ ಪ್ರಮಾಣವಾಗುತ್ತದೆ ಎಂಬುದು ಗಮನಾರ್ಹ.

ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ರೂಪಿಸಿದ ಭಾರತೀಯ ಸಾಕ್ಷ್ಯ ಅಧಿನಿಯಮವು 1872ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದಿತು. ಪ್ರಶ್ನೆಯನ್ನು ಗ್ರಹಿಸಿ ವಿವೇಕಯುತವಾಗಿ ಉತ್ತರಿಸಬಲ್ಲ ಯಾರೇ ಆಗಲಿ ಸಾಕ್ಷಿಯಾಗಬಹುದೆಂದು ಅದರ 118ನೆಯ ಪ್ರಕರಣವೂ, ಸಾಕ್ಷಿಗಳ ಸಂಖ್ಯೆ ಇಷ್ಟೇ ಇರಬೇಕೆಂಬ ನಿಯಮವಿಲ್ಲವೆಂದು 134ನೆಯ ಪ್ರಕರಣವೂ ಸಾರಿದವು. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸುವಂತಿಲ್ಲ ಎಂದು 25ನೆಯ ಪ್ರಕರಣ ವಿಧಿಸಿತು. ದಿವ್ಯಕ್ಕೆ ಅಲ್ಲಿ ಎಡೆಯೇ ಇರಲಿಲ್ಲ. ಆದರೆ ಪ್ರತಿಪಾದಿಸಿದವನೇ ಸಾಧಿಸಬೇಕೆಂಬ ತತ್ತ್ವದಲ್ಲಿ ಮಿತಾಕ್ಷರಾಕ್ಕೂ ಈ ಅಧಿನಿಯಮಕ್ಕೂ ಸಾಮ್ಯವಿದೆ. ಇದನ್ನು ಎರವಲೆಂದು ಭಾವಿಸಬೇಕಾಗಿಲ್ಲ. ಸ್ಟೀಫನ್‌ನ ಆಧಾರ ಇಂಗ್ಲಿಷ್ ನ್ಯಾಯಪದ್ಧತಿ. ನ್ಯಾಯನಿರ್ಣಯದ ಸಮಾನ ಅಗತ್ಯಗಳು ಸಮಾನ ನಿಯಮಗಳನ್ನು ಹುಟ್ಟಿಸಿವೆ ಎನ್ನುವುದು ಹೆಚ್ಚು ಸಮಂಜಸ. ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಈ ಹಳೆಯ ಕಾಯ್ದೆಯ ಸ್ಥಾನದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದರೂ ಈ ಮೂಲತತ್ತ್ವಗಳು ಮುಂದುವರಿದಿವೆ.

ದೇಹವನ್ನೇ ಸಾಕ್ಷಿಯಾಗಿಸುವ ಪ್ರಶ್ನೆ ಮಾತ್ರ ದಿವ್ಯಗಳೊಂದಿಗೆ ಕೊನೆಗೊಳ್ಳಲಿಲ್ಲ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ (2010) ಸರ್ವೋಚ್ಚ ನ್ಯಾಯಾಲಯವು ಸಮ್ಮತಿಯಿಲ್ಲದೆ ನಡೆಸುವ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ ಹಾಗೂ ಮೆದುಳು ಪರೀಕ್ಷೆಗಳು ಸಂವಿಧಾನದ 20(3)ನೆಯ ವಿಧಿ ನೀಡುವ ರಕ್ಷಣೆಗೆ ವಿರುದ್ಧವೆಂದು ತೀರ್ಪಿತ್ತಿತು. ದಿವ್ಯವು ದೈವವನ್ನೂ ಈ ಪರೀಕ್ಷೆಗಳು ವಿಜ್ಞಾನವನ್ನೂ ನೆಚ್ಚಿದ್ದರೂ, ವ್ಯಕ್ತಿಯ ಇಚ್ಛೆಯನ್ನು ಮೀರಿ ಸತ್ಯವನ್ನು ಹೊರತೆಗೆಯುವ ಅಪೇಕ್ಷೆ ಎರಡರಲ್ಲೂ ಸಮಾನವಾಗಿದೆ. ಸತ್ಯಶೋಧನೆಯ ಹಂಬಲಕ್ಕೆ ಮಿತಿಯನ್ನು ಗೊತ್ತುಪಡಿಸುವುದೂ ಸಾಕ್ಷ್ಯನಿಯಮಗಳ ಕರ್ತವ್ಯವೆಂಬುದನ್ನು ಈ ದೀರ್ಘ ಚರಿತ್ರೆ ಸ್ಪಷ್ಟಪಡಿಸುತ್ತದೆ.