ಬೊಮ್ಮಾಯಿ ಪ್ರಕರಣ

ರಾಜ್ಯ ಸರ್ಕಾರಕ್ಕೆ ಬಹುಮತವಿದೆಯೋ ಇಲ್ಲವೋ ಎಂಬುದು ತೀರ್ಮಾನವಾಗಬೇಕಾದದ್ದು ವಿಧಾನಸಭೆಯಲ್ಲಿಯೇ ಹೊರತು ರಾಜಭವನದಲ್ಲಿ ಅಲ್ಲ ಎಂದು ಸುಪ್ರೀಂ ಕೋರ್ಟ್ ಸಾರಿದ ಮೊಕದ್ದಮೆ. ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ತೀರ್ಪು ನೀಡಿತು.

ಪ್ರಕರಣ ಹುಟ್ಟಿದ್ದು ಕರ್ನಾಟಕದಲ್ಲಿ. ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯವರಾದ ರಾಮಕೃಷ್ಣ ಹೆಗಡೆ, ಟೆಲಿಫೋನ್ ಕದ್ದಾಲಿಕೆಯ ಆರೋಪ ಎದ್ದಾಗ, 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಸ್ಥಾನ ಬಿಟ್ಟರು. ಅವರ ನಂತರ ಬಂದವರು ಹುಬ್ಬಳ್ಳಿಯ ವಕೀಲ ಎಸ್. ಆರ್. ಬೊಮ್ಮಾಯಿ. ಮರುವರ್ಷದ ಏಪ್ರಿಲ್‌ನಲ್ಲಿ ಪಕ್ಷ ಬಿಟ್ಟ ಶಾಸಕರೊಬ್ಬರು, 19 ಮಂದಿ ಬೆಂಬಲ ಹಿಂತೆಗೆದುಕೊಂಡಿದ್ದಾರೆಂಬ ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರಿಗೆ ಕೊಟ್ಟರು. ಅವರಲ್ಲಿ ಏಳು ಮಂದಿ, ತಪ್ಪು ತಿಳಿವಳಿಕೆ ಕೊಟ್ಟು ಸಹಿ ಪಡೆಯಲಾಗಿದೆ ಎಂದು ಬರೆದು ಮತ್ತೆ ಸರ್ಕಾರದ ಪರ ನಿಂತರು. ಅಧಿವೇಶನವನ್ನು ಬೇಗ ಕರೆದು ಬಹುಮತ ತೋರಿಸಲು ಬೊಮ್ಮಾಯಿ ಸಿದ್ಧರಿದ್ದರು. ಆ ಅವಕಾಶ ಸಿಗಲೇ ಇಲ್ಲ. ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಬಂತು. ಅದನ್ನು ಪ್ರಶ್ನಿಸಿದ ಬೊಮ್ಮಾಯಿಯವರ ಅರ್ಜಿಯನ್ನು ಹೈಕೋರ್ಟ್ ವಜಾ ಮಾಡಿತು; ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು.

ಅಲ್ಲಿಯವರೆಗೆ ರಾಷ್ಟ್ರಪತಿ ಆಳ್ವಿಕೆಗೆ ಅವಕಾಶ ಕೊಡುವ ಸಂವಿಧಾನದ 356ನೇ ವಿಧಿ ಕೇಂದ್ರದ ಕೈಯಲ್ಲಿ ಹದ ಮೀರಿದ ಅಸ್ತ್ರವಾಗಿತ್ತು. 1977ರಲ್ಲಿ ಒಂಬತ್ತು ರಾಜ್ಯಗಳ ಸರ್ಕಾರಗಳು ಒಟ್ಟಿಗೆ ಹೋದವು, 1980ರಲ್ಲಿ ಮತ್ತೆ ಒಂಬತ್ತು. ಜನ ಆರಿಸಿದ ಸಭೆಯನ್ನು ಹೀಗೆ ಮನೆಗೆ ಕಳಿಸುವುದು ಮತದಾರನ ಹಕ್ಕಿನ ಮೇಲಿನ ಏಟೇ ಸರಿ. ರಾಷ್ಟ್ರಪತಿ ಆಳ್ವಿಕೆಗೆ ಆಧಾರವಾದ ದಾಖಲೆಗಳನ್ನು ತಾನು ಪರಿಶೀಲಿಸಬಹುದು, ಸಂಸತ್ತಿನ ಎರಡೂ ಸದನಗಳು ಒಪ್ಪುವ ತನಕ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ, ಕ್ರಮ ಅಸಿಂಧುವಾದರೆ ವಜಾಗೊಂಡ ಸರ್ಕಾರವನ್ನು ಮರಳಿ ತರಬಹುದು ಎಂದಿತು ಸುಪ್ರೀಂ ಕೋರ್ಟ್. ಕರ್ನಾಟಕ, ಮೇಘಾಲಯ, ನಾಗಾಲ್ಯಾಂಡ್‌ಗಳಲ್ಲಿ ಕೇಂದ್ರ ಕೈಗೊಂಡ ಕ್ರಮ ಅಸಾಂವಿಧಾನಿಕವೆಂದಾಯಿತು. ಆದರೆ ಬಾಬರಿ ಮಸೀದಿ ಧ್ವಂಸದ ಬಳಿಕ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳ ಸರ್ಕಾರಗಳನ್ನು ವಜಾ ಮಾಡಿದ್ದನ್ನು ಪೀಠ ಎತ್ತಿಹಿಡಿಯಿತು. ಜಾತ್ಯತೀತತೆ ಸಂವಿಧಾನದ ಮೂಲಸ್ವರೂಪಕ್ಕೆ ಸೇರಿದ್ದು ಎಂಬುದು ಅದರ ವಾದ. ಸಂವಿಧಾನಕ್ಕೆ ಸಂಸತ್ತೂ ಬದಲಿಸಲಾಗದ ಮೂಲಸ್ವರೂಪವೊಂದಿದೆ ಎಂಬ ಈ ತತ್ವ ನೆಲೆಗೊಂಡದ್ದು 1973ರಲ್ಲಿ, ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರ ಮೊಕದ್ದಮೆಯಲ್ಲಿ. ಗಡಿಯಾಚೆಯ ಕನ್ನಡ ಮಠವೊಂದಕ್ಕೆ ಈ ದೇಶ ಇಷ್ಟು ಋಣಿ ಎಂಬುದನ್ನು ಇನ್ನಷ್ಟು ಜನ ತಿಳಿಯಬೇಕು.

ಬೊಮ್ಮಾಯಿಯವರಿಗೆ ಕುರ್ಚಿಯೇನೂ ಮರಳಲಿಲ್ಲ. 1989ರ ನವೆಂಬರ್‌ನಲ್ಲೇ ಚುನಾವಣೆ ನಡೆದುಹೋಗಿತ್ತು.

ಬಹುಮತ ಸದನದಲ್ಲೇ ಸಾಬೀತಾಗಬೇಕೆಂಬ ತತ್ವ ಮುಂದೆ ಕರ್ನಾಟಕದಲ್ಲೇ ಮತ್ತೆ ಕೆಲಸಕ್ಕೆ ಬಂತು. 2018ರ ಮೇ 19ರಂದು ಸುಪ್ರೀಂ ಕೋರ್ಟ್ ಆದೇಶದಂತೆ ವಿಶ್ವಾಸಮತಕ್ಕೆ ಸೇರಿದ ಸದನದಲ್ಲಿ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪ ಮತಕ್ಕೆ ಮೊದಲೇ ರಾಜೀನಾಮೆ ಘೋಷಿಸಿದರು. ಮರುವರ್ಷ ಪಕ್ಷಾಂತರದ ಕಾರಣಕ್ಕೆ ಸ್ಪೀಕರ್ ಅನರ್ಹಗೊಳಿಸಿದ 17 ಶಾಸಕರಲ್ಲಿ ಯಲ್ಲಾಪುರದ ಶಿವರಾಮ ಹೆಬ್ಬಾರರೂ ಒಬ್ಬರು. 2019ರ ನವೆಂಬರ್ 13ರಂದು ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ಚುನಾವಣೆಗೆ ನಿಲ್ಲಬಾರದೆಂಬ ನಿರ್ಬಂಧವನ್ನು ಮಾತ್ರ ತೆಗೆದುಹಾಕಿತು. ಯಲ್ಲಾಪುರ ಕ್ಷೇತ್ರದ ಮತದಾರರು ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಹೆಬ್ಬಾರರನ್ನು ಮತ್ತೆ ಆರಿಸಿದರು.